ತಂತ್ರಾಂಶದ ‘ಟಿಕ್’ ಸದ್ದು: ಸಂಕೇತವೇ, ಗದ್ದಲವೇ?

ಕೋಲಾರ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ರಾಬರ್ಟ್‌ಸನ್‌ಪೇಟೆಯ ಹಿರಿಯ ಗಣಿ ಕಾರ್ಮಿಕರನ್ನು ಶಾಫ್ಟಿನ ಗಂಟೆಯ ಬಗ್ಗೆ ಕೇಳಿ ನೋಡಿ. ಕೇಜನ್ನು ಏರಿಸಿ ಇಳಿಸುವ ಎಂಜಿನ್ ಚಾಲಕನಿಗೆ ಭೂಮಿಯೊಳಗಿರುವವರು ಕಾಣುವುದಿಲ್ಲ. ಗಂಟೆಯ ಬಡಿತಗಳ ಎಣಿಕೆಯೇ ಅವನಿಗೆ ಆಜ್ಞೆ. ಕೇಜ್ ಚಲಿಸುತ್ತಿರುವಾಗ ಒಂದೇ ಬಡಿತ ಬಂದರೆ ನಿಲ್ಲಿಸಬೇಕು. ಒಳ್ಳೆಯ ಶಬ್ದ ಸಂಕೇತದ ಮೂರು ಗುಣಗಳು ಇಲ್ಲಿವೆ: ಕಾರಣವಿಲ್ಲದೆ ಬಾರಿಸುವುದಿಲ್ಲ, ಒಂದು ಸಂಕೇತಕ್ಕೆ ಒಂದೇ ಅರ್ಥ, ಯಾರಿಗೆ ಸಲ್ಲಬೇಕೋ ಅವರಿಗೇ ಸಲ್ಲುತ್ತದೆ.

ಈ ಅಳತೆಗೋಲಿನಿಂದ ನಮ್ಮ ಗಣಕಗಳನ್ನು ಪರೀಕ್ಷಿಸೋಣ. ಪಾಠದ ಸಿ.ಡಿ., ನಿಘಂಟು, ಸಹಾಯ ಪುಟ ಮುಂತಾದ ಎಷ್ಟೋ ತಂತ್ರಾಂಶಗಳು ತಮ್ಮೊಳಗೆ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನ ಬ್ರೌಸರ್ ಘಟಕವನ್ನು ಅಡಗಿಸಿಕೊಂಡಿದ್ದವು. ಹೊಸ ಪುಟ ತೆರೆಯುವಾಗ ‘ಟಿಕ್’ ಎನ್ನುವುದು ಆ ಘಟಕದ ಸ್ವಭಾವ. ಬ್ರೌಸರ್‌ನಲ್ಲಿ ಅದಕ್ಕೆ ಅರ್ಥವಿತ್ತು: ನೀವು ಕೊಂಡಿಯನ್ನು ಒತ್ತಿದಿರಿ, ಕೆಲಸ ಆರಂಭವಾಯಿತು. ಆದರೆ ತಂತ್ರಾಂಶವು ತಾನಾಗಿಯೇ ಪುಟ ಬದಲಿಸಿದಾಗಲೂ ಅದೇ ಸದ್ದು. ಬಳಕೆದಾರ ಏನೂ ಮಾಡಿಲ್ಲ, ಗಂಟೆ ಮಾತ್ರ ಬಾರಿಸಿತು!

ಇದಕ್ಕೆ ಕೆಲವರು ಕಂಡುಕೊಂಡ ಪರಿಹಾರ ರೋಗಕ್ಕಿಂತ ಕೆಟ್ಟದು. ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ ಆ ಶಬ್ದದ ನಮೂದನ್ನೇ ಅಳಿಸುವುದು, ಕೆಲಸ ಮುಗಿದ ಮೇಲೆ ಮರಳಿ ಬರೆಯುವುದು. ಆ ನಮೂದು ಬಳಕೆದಾರನ ಎಲ್ಲ ತಂತ್ರಾಂಶಗಳಿಗೂ ಸೇರಿದ್ದು. ನಡುವೆ ತಂತ್ರಾಂಶ ಕುಸಿದುಬಿದ್ದರೆ ಶಬ್ದ ಮರಳುವುದೇ ಇಲ್ಲ. ತನ್ನ ಮನೆಯ ದೀಪ ಆರಿಸಲು ಬೀದಿಯ ಫ್ಯೂಸ್ ಕಿತ್ತಂತೆ ಇದು. 2006ರಲ್ಲಿ ಬಂದ ಎಕ್ಸ್‌ಪ್ಲೋರರ್‌ನ 7ನೇ ಆವೃತ್ತಿಯು ಆಯಾ ತಂತ್ರಾಂಶದ ಮಟ್ಟಿಗೆ ಮಾತ್ರ ಈ ಸದ್ದನ್ನು ನಿಲ್ಲಿಸುವ ಸೌಲಭ್ಯ ಕೊಟ್ಟಿತು. ಸರಿಯಾದ ದಾರಿ ಅದೇ.

ಇಷ್ಟು ಸಣ್ಣ ಸದ್ದಿಗೆ ಇಷ್ಟು ಚರ್ಚೆ ಏಕೆ ಎನ್ನುವಿರಾ? ಲೆಕ್ಕ ಹಾಕಿ. ಪ್ರಯೋಗಾಲಯದಲ್ಲಿ 20 ಗಣಕಗಳಿದ್ದು, ಪ್ರತಿಯೊಂದೂ 10 ಸೆಕೆಂಡಿಗೊಮ್ಮೆ ‘ಟಿಕ್’ ಎಂದರೆ ಕೋಣೆಯಲ್ಲಿ ಸೆಕೆಂಡಿಗೆ ಸರಾಸರಿ 2 ಸದ್ದು. ನಿಮಗೆ ಸೇರಿದ್ದು ಇಪ್ಪತ್ತರಲ್ಲಿ ಒಂದು. ಎಲ್ಲ ಗಣಕಗಳೂ ನುಡಿಸುವುದು ಒಂದೇ ಧ್ವನಿಯನ್ನಾದ್ದರಿಂದ ಸ್ವರಭೇದದಿಂದಲೂ ಗುರುತಿಸಲಾಗದು. ಸಂಕೇತವು ಗದ್ದಲವಾಗುವುದು ಹೀಗೆ.

ಇದರ ನಿಜವಾದ ಬೆಲೆ ತೆರುವವರು ಅಂಧ ವಿದ್ಯಾರ್ಥಿಗಳು. 2006ರಲ್ಲಿ ಆರಂಭವಾದ ಉಚಿತ ತಂತ್ರಾಂಶ ಎನ್‌ವಿಡಿಎ ಪರದೆಯನ್ನು ಓದಿ ಹೇಳುತ್ತದೆ, ಕನ್ನಡವನ್ನೂ ಓದಬಲ್ಲದು. ಅವರಿಗೆ ಕಿವಿಯೇ ಪರದೆ. ಅನಗತ್ಯ ಸದ್ದು ಮಾತನ್ನು ಮುಸುಕುತ್ತದೆ. ಕಿರಿಕಿರಿ ತಾಳಲಾರದೆ ಗಣಕದ ಧ್ವನಿಯನ್ನೇ ಆರಿಸಿದರೆ ಓದುವ ದನಿಯೂ ನಿಂತುಹೋಗುತ್ತದೆ. 2008ರ ಡಿಸೆಂಬರ್‌ನಲ್ಲಿ ಪ್ರಕಟವಾದ ಅಂತರಜಾಲ ಸುಲಭಲಭ್ಯತೆಯ ಮಾರ್ಗಸೂಚಿ ಇದನ್ನು ಗುರುತಿಸಿತು: ತಾನಾಗಿ 3 ಸೆಕೆಂಡಿಗಿಂತ ಹೆಚ್ಚು ಕಾಲ ನುಡಿಯುವ ಶಬ್ದವನ್ನು ನಿಲ್ಲಿಸಲು, ಇಲ್ಲವೇ ಗಣಕದ ಒಟ್ಟು ಧ್ವನಿಮಟ್ಟವನ್ನು ಮುಟ್ಟದೆ ತಗ್ಗಿಸಲು ಅವಕಾಶವಿರಬೇಕು. ಆದರೆ ಕ್ಷಣಮಾತ್ರದ ‘ಟಿಕ್’ ಈ ನಿಯಮದಿಂದ ನುಣುಚಿಕೊಳ್ಳುತ್ತದೆ.

ಎಕ್ಸ್‌ಪ್ಲೋರರ್ 2022ರ ಜೂನ್‌ನಲ್ಲಿ ನಿವೃತ್ತಿ ಹೊಂದಿತು. ಅದರ ಘಟಕ ಮಾತ್ರ ಹಳೆಯ ತಂತ್ರಾಂಶಗಳಿಗಾಗಿ ವಿಂಡೋಸ್‌ನಲ್ಲಿ ಉಳಿದಿದೆ. ಹೊಸ ಘಟಕವಾದ ವೆಬ್‌ವ್ಯೂ2ರಲ್ಲಿ ಈ ‘ಟಿಕ್’ ಇಲ್ಲ, ಆ ಘಟಕವನ್ನಷ್ಟೇ ಮೌನಗೊಳಿಸುವ ಸೌಲಭ್ಯವಿದೆ. ಆದರೆ ಅದನ್ನು ಬಳಸಿದರೆ ಪುಟದೊಳಗಿನ ಪಾಠದ ಧ್ವನಿಯೂ ಹೋಗುತ್ತದೆ. ಯಾವ ಶಬ್ದ ಬೇಕು, ಯಾವುದು ಬೇಡ ಎಂಬ ವಿವೇಚನೆ ಇಂದಿಗೂ ತಂತ್ರಾಂಶ ರಚಿಸುವವರದೇ.

ಶಿಕ್ಷಕರೇ, ಶಾಲೆಗೆ ತಂತ್ರಾಂಶ ಆರಿಸುವ ಮುನ್ನ ಪರದೆಯನ್ನು ಆರಿಸಿ, ಐದು ನಿಮಿಷ ಕೇಳಿ. ಪ್ರತಿ ಸದ್ದಿಗೂ ಏನು ಅರ್ಥ ಎಂದು ವಿದ್ಯಾರ್ಥಿಗಳಿಂದ ಬರೆಸಿ. ಉತ್ತರ ಸಿಗದ ಸದ್ದುಗಳ ಪಟ್ಟಿಯೇ ಆ ತಂತ್ರಾಂಶದ ವಿಮರ್ಶೆ.