ಗಾಂಧಿ ಪ್ರತಿಮೆಯ ಕೆಳಗಿನ ಲೆಕ್ಕ

ಈ ಸಲ ವಿಮರ್ಶೆಗೆ ಪುಸ್ತಕ ಇಲ್ಲ, ಸಿನಿಮಾನೂ ಇಲ್ಲ. ಒಂದು ಪ್ರಮಾಣಪತ್ರ ಎತ್ತಿಕೊಂಡಿದ್ದೀನಿ. ಅದರ ಹೆಸರು ‘ಟಿಬಿ ಮುಕ್ತ ಗ್ರಾಮ ಪಂಚಾಯಿತಿ’. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯವರು ಯಾರಾದರೂ ನಿಮ್ಮ ವಾಟ್ಸಾಪ್ ಗುಂಪಿನಲ್ಲಿದ್ದರೆ ಆ ಥರದ ಫೋಟೋ ನೋಡಿರ್ತೀರಿ: ನಡುವೆ ಶಾಲು ಹೊದ್ದ ಅಧ್ಯಕ್ಷರು, ಆಚೀಚೆ ಆಶಾ ಕಾರ್ಯಕರ್ತೆಯರು, ಕೈಯಲ್ಲಿ ಒಂದು ಗಾಂಧಿ ಪ್ರತಿಮೆ. ಮೊದಲ ವರ್ಷ ಗೆದ್ದರೆ ಕಂಚಿನ ಬಣ್ಣದ ಗಾಂಧಿ, ಸತತ ಎರಡು ವರ್ಷ ಗೆದ್ದರೆ ಬೆಳ್ಳಿ ಬಣ್ಣ, ಮೂರು ವರ್ಷಕ್ಕೆ ಚಿನ್ನದ ಬಣ್ಣ.

ಯೋಜನೆ ಶುರುವಾಗಿದ್ದು 2023ರ ಮಾರ್ಚ್ 24ಕ್ಕೆ. 1882ರಲ್ಲಿ ಅದೇ ದಿನ ರಾಬರ್ಟ್ ಕಾಕ್ ಬರ್ಲಿನ್ನಿನಲ್ಲಿ ಕ್ಷಯದ ಬ್ಯಾಕ್ಟೀರಿಯಾ ಸಿಕ್ಕಿತು ಅಂತ ಹೇಳಿದ್ದ. ಪ್ರಮಾಣಪತ್ರಕ್ಕೆ ಆಗ ಇಟ್ಟ ಅಳತೆಗಳು ಆರು. ಸಾವಿರ ಜನಸಂಖ್ಯೆಗೆ ವರ್ಷಕ್ಕೆ ಕನಿಷ್ಠ 30 ಶಂಕಿತರ ಪರೀಕ್ಷೆ ಆಗಿರಬೇಕು. ಪತ್ತೆಯಾದ ರೋಗಿಗಳು ಸಾವಿರಕ್ಕೆ ಒಬ್ಬರಿಗಿಂತ ಹೆಚ್ಚಿರಬಾರದು. ಚಿಕಿತ್ಸೆ ಪಡೆದವರಲ್ಲಿ ಶೇ. 85 ಮಂದಿ ಗುಣವಾಗಿರಬೇಕು. ಶೇ. 60 ರೋಗಿಗಳಿಗಾದರೂ ಔಷಧ ನಿರೋಧಕತೆಯ ಪರೀಕ್ಷೆ ಆಗಿರಬೇಕು. ಉಳಿದೆರಡು ಪೌಷ್ಟಿಕ ಆಹಾರದ ಹಣ ಮತ್ತು ನೆರವಿಗೆ ಸಂಬಂಧಪಟ್ಟವು.

ಮೊದಲನೇ ಅಳತೆ ಬರೆದವರ ತಲೆ ಚುರುಕು, ಅದನ್ನ ಒಪ್ಪಲೇಬೇಕು. ಪರೀಕ್ಷೆನೇ ಮಾಡದೆ ‘ನಮ್ಮಲ್ಲಿ ಸೊನ್ನೆ’ ಅನ್ನೋ ದಾರಿ ಅದು ಮುಚ್ಚುತ್ತೆ. ನನ್ನ ತಕರಾರು ಎರಡನೇ ಅಳತೆಯ ಬಗ್ಗೆ.

ಆರು ಸಾವಿರ ಜನರ ಒಂದು ಪಂಚಾಯಿತಿ ಅಂದುಕೊಳ್ಳಿ. 180 ಪರೀಕ್ಷೆ ಆಗಬೇಕು, ರೋಗಿಗಳು ಆರಕ್ಕಿಂತ ಹೆಚ್ಚಿರಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2024ರಲ್ಲಿ ಭಾರತದಲ್ಲಿ ಲಕ್ಷಕ್ಕೆ 187 ಮಂದಿಗೆ ಹೊಸದಾಗಿ ಕ್ಷಯ ಬಂದಿದೆ. ಆ ಸರಾಸರಿಯಲ್ಲಿ ಆರು ಸಾವಿರಕ್ಕೆ ಹನ್ನೊಂದು ಮಂದಿ. ಕರ್ನಾಟಕದಲ್ಲಿ ಇದಕ್ಕಿಂತ ಕಡಿಮೆ ಅನ್ನೋಣ. ಆದರೂ ಮನೆಮನೆ ಸುತ್ತಿ ಎಂಟು ಮಂದಿಯನ್ನ ಹುಡುಕಿ ಔಷಧಿ ಶುರು ಮಾಡಿಸಿದ ಊರಿಗೆ ಗಾಂಧಿ ಇಲ್ಲ. ಅಂಥದ್ದೇ ಪಕ್ಕದ ಊರು ಐವರನ್ನಷ್ಟೇ ಹುಡುಕಿ ಮೂವರನ್ನ ಬಿಟ್ಟರೆ ಗಾಂಧಿ ಉಂಟು. ಸಂಖ್ಯೆ ಇಳಿಯೋಕೆ ಎರಡು ದಾರಿ ಇವೆ: ರೋಗ ಕಡಿಮೆಯಾಗೋದು, ಇಲ್ಲಾ ಕಣ್ಣು ಮಂಜಾಗೋದು. ಈ ಪ್ರಮಾಣಪತ್ರಕ್ಕೆ ಇವೆರಡರ ವ್ಯತ್ಯಾಸ ತಿಳಿಯೋದಿಲ್ಲ.

ಕಣ್ಣು ಮಂಜಾಗೋದು ಅಂದೆ. ಅದನ್ನ ಲ್ಯಾಬಿನ ಭಾಷೆಯಲ್ಲೇ ಹೇಳಬಹುದು. ಕಫವನ್ನ ಗಾಜಿನ ಪಟ್ಟಿಗೆ ಹಚ್ಚಿ, ಕೆಂಪು ಬಣ್ಣ ಕಾಯಿಸಿ, ಆಸಿಡ್ಡಿನಲ್ಲಿ ತೊಳೆದು ಸೂಕ್ಷ್ಮದರ್ಶಕದಲ್ಲಿ ನೋಡೋದು ನೂರು ವರ್ಷಕ್ಕೂ ಹಳೆಯ ವಿಧಾನ. ಅಗ್ಗ, ಸರಳ. ಆದರೆ ಒಂದು ಮಿಲಿಲೀಟರ್ ಕಫದಲ್ಲಿ ಐದರಿಂದ ಹತ್ತು ಸಾವಿರ ಬ್ಯಾಕ್ಟೀರಿಯಾ ಇದ್ದರೇನೇ ಅದಕ್ಕೆ ಕಾಣೋದು. 2010ರ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಜೀನ್‌ಎಕ್ಸ್‌ಪರ್ಟ್ ಯಂತ್ರಕ್ಕೆ ಸುಮಾರು 130 ಇದ್ದರೆ ಸಾಕು. ಎರಡು ಗಂಟೆಯೊಳಗೆ ಉತ್ತರ ಕೊಡುತ್ತೆ, ರಿಫಾಂಪಿಸಿನ್ ಕೆಲಸ ಮಾಡುತ್ತೋ ಇಲ್ಲವೋ ಅಂತಲೂ ಹೇಳುತ್ತೆ. ನಮ್ಮದೇ ಟ್ರೂನಾಟ್ ಇದೆ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ರೂಪಿಸಿದ್ದು, ಗೋವಾದ ಮೋಲ್ಬಯೋ ತಯಾರಿಸೋದು. ಬ್ಯಾಟರಿ ಮೇಲೆ ನಡೆಯುತ್ತೆ, ಕರೆಂಟು ಕೈಕೊಡೋ ಹಳ್ಳಿ ಆಸ್ಪತ್ರೆಗೆ ಹೇಳಿ ಮಾಡಿಸಿದಂತಿದೆ. ಆದರೆ ಆ 180 ಪರೀಕ್ಷೆಗಳಲ್ಲಿ ಎಷ್ಟು ಗಾಜಿನ ಪಟ್ಟಿಯವು, ಎಷ್ಟು ಯಂತ್ರದವು? ಆರು ಅಳತೆಯಲ್ಲಿ ಆ ಪ್ರಶ್ನೆಯೇ ಇಲ್ಲ. ತಂದದ್ದು ಬೆಳಗಿನ ಆಳದ ಕಫವೋ ಬರೀ ಉಗುಳೋ ಅಂತಲೂ ಕೇಳೋದಿಲ್ಲ. ಉಗುಳಿನಲ್ಲಿ ಎಂಥ ಯಂತ್ರ ತಾನೇ ಏನು ಹುಡುಕೀತು?

ಇದು ಬರೀ ಅಂಕಿಸಂಖ್ಯೆಯ ಜಗಳ ಅಲ್ಲ. ರಾಮದುರ್ಗ ತಾಲೂಕಿನ ಹಳ್ಳಿಯಲ್ಲಿ ಮಗ್ಗ ಇಟ್ಟುಕೊಂಡಿರೋ ನನ್ನ ಸೋದರಮಾವ ಮೂರು ತಿಂಗಳು ಕೆಮ್ಮಿದರು. ಫೋನ್ ಮಾಡಿದಾಗೆಲ್ಲ “ಎರಡ್ ಸಲ ತೋರ್ಸೀನಪಾ, ಏನೂ ಇಲ್ಲಂದಾರ” ಅನ್ನೋರು. ಎರಡು ಸಲವೂ ಗಾಜಿನ ಪಟ್ಟಿ, ಎರಡು ಸಲವೂ ನೆಗೆಟಿವ್. ಮೂರನೇ ಸಲ ಯಾರೋ ಪುಣ್ಯಾತ್ಮರು ಯಂತ್ರಕ್ಕೆ ಹಾಕಿಸಿದರು, ಪಾಸಿಟಿವ್ ಬಂತು. ಅಷ್ಟರಲ್ಲಿ ಎಂಟು ಕಿಲೋ ಇಳಿದಿದ್ದರು. ಎರಡು ವರ್ಷದ ಮೊಮ್ಮಗಳು ಅಷ್ಟೂ ದಿನ ಅವರ ಮಗ್ಗುಲಲ್ಲೇ ಮಲಗ್ತಿದ್ದಳು. ಆ ಮೂರು ತಿಂಗಳು ಮಾವ ‘ಪರೀಕ್ಷೆಯಾದವರ’ ಪಟ್ಟಿಯಲ್ಲಿದ್ದರು, ‘ಪತ್ತೆಯಾದವರ’ ಪಟ್ಟಿಯಲ್ಲಿ ಇರಲಿಲ್ಲ. ಎರಡೂ ಅಳತೆಯಲ್ಲಿ ಪಂಚಾಯಿತಿಗೆ ಲಾಭವೇ. ಈಗ ಇಬ್ಬರೂ ಚೆನ್ನಾಗಿದ್ದಾರೆ, ಔಷಧಿ ಮುಗಿದಿದೆ.

ತಪ್ಪು ಉಲ್ಟಾ ದಿಕ್ಕಿನಲ್ಲೂ ಆಗುತ್ತೆ. ಗಾಜಿನ ಪಟ್ಟಿಯಲ್ಲಿ ಕೆಂಪಗೆ ಕಂಡದ್ದೆಲ್ಲ ಕ್ಷಯ ಅಲ್ಲ. ಮಣ್ಣಲ್ಲಿ, ನೀರಲ್ಲಿ ಬದುಕೋ ಅದರ ದಾಯಾದಿಗಳೂ ಅದೇ ಬಣ್ಣ ಹಿಡಿದಿಟ್ಟುಕೊಳ್ತವೆ. ಅವುಗಳಿಂದಲೂ ಶ್ವಾಸಕೋಶದ ಕಾಯಿಲೆ ಬರಬಹುದು, ಆದರೆ ಔಷಧಿ ಬೇರೆ, ಕಾಲಾವಧಿ ಬೇರೆ. ಹಸಿ ಹಾಲಿನಿಂದ ಬರೋ ದನದ ಕ್ಷಯವಂತೂ ಜೀನ್‌ಎಕ್ಸ್‌ಪರ್ಟ್‌ಗೂ ಮಾಮೂಲಿ ಕ್ಷಯದ ಹಾಗೇ ಕಾಣುತ್ತೆ. ಅದಕ್ಕೆ ಪೈರಜಿನಮೈಡ್ ಅನ್ನೋ ಮುಖ್ಯ ಮಾತ್ರೆ ನಾಟೋದಿಲ್ಲ. ಇವನ್ನ ಬಿಡಿಸಿ ಹೇಳೋಕೆ ಕಲ್ಚರ್ ಬೇಕು, ಅಂದರೆ ಬ್ಯಾಕ್ಟೀರಿಯಾವನ್ನ ವಾರಗಟ್ಟಲೆ ಬೆಳೆಸಿ ನೋಡಬೇಕು. ಅಂಥ ಲ್ಯಾಬು ತಾಲೂಕಿನಲ್ಲಿ ಇರೋದಿಲ್ಲ, ಸ್ಯಾಂಪಲ್ಲು ಹುಬ್ಬಳ್ಳಿಯ ಕಿಮ್ಸ್‌ನಂಥ ಕಡೆ ಹೋಗಬೇಕು. ದನ ಕಟ್ಟಿದ ಮನೆಗಳೇ ಹೆಚ್ಚಿರೋ ಸೀಮೆಯಲ್ಲಿ ಇದು ಪಂಡಿತರ ಚರ್ಚೆ ಮಾತ್ರ ಅಲ್ಲ.

ಇಷ್ಟು ಹೇಳಿದಾಗ ಬರೋ ಮಾಮೂಲಿ ಉತ್ತರ ‘ಜನರಿಗೇ ಅರಿವಿಲ್ಲ ಸಾರ್’. ಈ ಮಾತಿಗೆ ಉತ್ತರ ಕರ್ನಾಟಕದಲ್ಲೇ ಸಿಕ್ಕಿ ಅರವತ್ತು ವರ್ಷ ದಾಟಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಆಗಿನ ಮೈಸೂರು ರಾಜ್ಯದ ಹಳ್ಳಿಗಳ ಕ್ಷಯರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ತಮಗೇನೋ ಆಗಿದೆ ಅಂತ ಗೊತ್ತಿತ್ತು. ಅರ್ಧದಷ್ಟು ಮಂದಿ ಆಸ್ಪತ್ರೆಗೂ ಹೋಗಿ ಬಂದಿದ್ದರು. ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ. ಜನ ಬಂದಿದ್ದರು, ನೋಡಬೇಕಾದ ಕಣ್ಣು ನೋಡಲಿಲ್ಲ.

ಇನ್ನು ಗಡಿ. ಪ್ರಮಾಣಪತ್ರ ಪಂಚಾಯಿತಿಯ ಗಡಿಗೆ ನಿಲ್ಲುತ್ತೆ, ಕೆಮ್ಮು ನಿಲ್ಲೋದಿಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂದರೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಮಹಾರಾಷ್ಟ್ರದಿಂದಲೂ ಲಕ್ಷಾಂತರ ಜನ. ಕಿತ್ತೂರಿನ ಹೆದ್ದಾರಿಯಲ್ಲಿ ರಾತ್ರಿ ಎಸಿ ಬಸ್ ಹತ್ತಿದ ಹುಡುಗ ಬೆಳಿಗ್ಗೆ ಬೆಂಗಳೂರಿನ ಪಿಜಿಯಲ್ಲಿ, ಮೂವರು ಮಲಗೋ ರೂಮಿನಲ್ಲಿ. ಆ ರೂಮು ನಿಮ್ಮದೂ ಇರಬಹುದು.

ನಾನಾದರೆ ಈ ಪ್ರಮಾಣಪತ್ರವನ್ನ ಹೀಗೆ ತಿದ್ದುತ್ತಿದ್ದೆ. ಸಾವಿರಕ್ಕೆ ಒಂದು ಅನ್ನೋ ಮಿತಿ ತೆಗೆದುಹಾಕಿ. ಅದರ ಜಾಗದಲ್ಲಿ, ಕೆಮ್ಮು ಶುರುವಾದ ಎಷ್ಟು ದಿನಕ್ಕೆ ರೋಗ ಪತ್ತೆಯಾಯ್ತು ಅಂತ ಕೇಳಿ. ಶಂಕಿತರಲ್ಲಿ ಎಷ್ಟು ಮಂದಿಗೆ ಮೊದಲ ಪರೀಕ್ಷೆಯೇ ಯಂತ್ರದಲ್ಲಿ ಆಯ್ತು ಅಂತ ಕೇಳಿ. ರೋಗಿಯ ಮನೆಯವರನ್ನ ಪೂರ್ತಿ ಪರೀಕ್ಷಿಸಿದ ಊರಿಗೆ ಅಂಕ ಕೊಡಿ. ಹೆಸರು ಮಾತ್ರ ಬದಲಿಸೋದು ಬೇಡ. ಕನ್ನಡದಲ್ಲಿ ‘ಮುಕ್ತ’ ಅಂದರೆ ‘ಇಲ್ಲದ್ದು’ ಅಂತ ಮಾತ್ರ ಅಲ್ಲ, ಮುಚ್ಚುಮರೆ ಇಲ್ಲದ್ದು ಅಂತಲೂ ಅರ್ಥ ಇದೆ. ಎಂಟು ಮಂದಿ ರೋಗಿಗಳಿದ್ದಾರೆ ಅಂತ ಗ್ರಾಮಸಭೆಯಲ್ಲಿ ತಲೆಯೆತ್ತಿ ಹೇಳೋ ಪಂಚಾಯಿತಿನೇ ನನ್ನ ಪ್ರಕಾರ ಟಿಬಿ ಮುಕ್ತ.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಸಣ್ಣದು. ಎರಡು ವಾರ ದಾಟಿದ ಕೆಮ್ಮಿಗೆ ‘ನೆಗೆಟಿವ್’ ಅಂತ ರಿಪೋರ್ಟು ಬಂದರೆ, ನಿಮ್ಮದಾದರೂ ಸರಿ, ಊರಲ್ಲಿರೋ ಅಪ್ಪನದಾದರೂ ಸರಿ, ಮುಂದಿನ ಪ್ರಶ್ನೆ ಕೇಳಿ: ಯಾವ ಪರೀಕ್ಷೆಯಲ್ಲಿ ನೆಗೆಟಿವ್? ಪಾಸಿಟಿವ್ ಆದರೆ ನಿಕ್ಷಯ್ ನಂಬರ್ ಕೇಳಿ ಇಸ್ಕೊಳ್ಳಿ. ಖಾಸಗಿ ವೈದ್ಯರೂ ಸರ್ಕಾರಕ್ಕೆ ತಿಳಿಸೋದು 2012ರಿಂದ ಕಡ್ಡಾಯ. ತಿಂಗಳಿಗೆ ಸಾವಿರ ರೂಪಾಯಿ ಆಹಾರದ ಹಣ ಬರೋದೂ ಆ ನಂಬರಿನ ಮೇಲೆಯೇ.