ಮೂರನೇ ಸುತ್ತಿನಲ್ಲಿ ಕಾಣುವುದು

1500 ಮೀಟರ್ ಓಟದಲ್ಲಿ ಜನ ಚಪ್ಪಾಳೆ ಹೊಡೆಯುವುದು ಮೊದಲ ಸುತ್ತಿನಲ್ಲಿ ಮುಂದೆ ಹೋದವರಿಗೆ. ನನ್ನ ಕಣ್ಣು ಮೂರನೇ ಸುತ್ತಿನ ಮೇಲೆ. ಒಟ್ಟು ಮೂರು ಮುಕ್ಕಾಲು ಸುತ್ತಿನ ಓಟವಿದು. ಆರಂಭದ ಹುರುಪು ಇಳಿದಿರುತ್ತದೆ, ಗುರಿ ಇನ್ನೂ ದೂರ. ಆಗ ಭುಜ ಕಿವಿಯತ್ತ ಏರುತ್ತದೆ, ಮುಷ್ಟಿ ಬಿಗಿಯುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ. ಆಗಲೂ ಭುಜ ಸಡಿಲ ಬಿಟ್ಟು ಓಡುವ ಹುಡುಗಿ ಕಂಡರೆ ಅವಳ ಹೆಸರು ಕೇಳಿಕೊಳ್ಳುತ್ತೇನೆ.

ಹಾಗೆ ನನ್ನ ಮನಸ್ಸಿನಲ್ಲಿ ಉಳಿದ ಹೆಸರು ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು. ಅವರಿಗೆ ಕಣ್ಣು ಕಾಣುವುದಿಲ್ಲ. ಚಿಕ್ಕಂದಿನಲ್ಲೇ ಹೆತ್ತವರು ತೀರಿಕೊಂಡರು, ಸಾಕಿದ್ದು ಅಜ್ಜಿ. ಆಶಾಕಿರಣ ಅಂಧ ಮಕ್ಕಳ ಶಾಲೆಯಲ್ಲಿ ಓದುವಾಗ ಓಟ ಕೈಹಿಡಿಯಿತು. 2018ರಲ್ಲಿ ಜಕಾರ್ತದ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಕಣ್ಣು ಕಾಣದವರ ಟಿ11 ವಿಭಾಗದ 1500 ಮೀಟರ್ ಚಿನ್ನ. 2023ರಲ್ಲಿ ಹಾಂಗ್‌ಝೌನಲ್ಲಿ ಮತ್ತೆ ಅದೇ ಚಿನ್ನ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಫೈನಲ್ ದಕ್ಕಲಿಲ್ಲ. ಎರಡು ಚಿನ್ನಗಳ ನಡುವಿನ ಐದು ವರ್ಷ ಬಿಡದೆ ಓಡಿದ್ದೇ ನನಗೆ ದೊಡ್ಡದು.

ಅವರ ಜೊತೆಗೆ ಓಡುವವರು ಕೋಚ್ ರಾಹುಲ್ ಬಾಲಕೃಷ್ಣ. ಇಬ್ಬರ ಕೈಗೂ ಒಂದು ಕಿರುದಾರ. ಜೊತೆಗಾರ ಎಳೆಯುವಂತಿಲ್ಲ, ಗುರಿಯ ಗೆರೆಯನ್ನು ಅವರಿಗಿಂತ ಮೊದಲು ದಾಟುವಂತಿಲ್ಲ. ತಿರುವಿನಲ್ಲಿ ಯಾರನ್ನಾದರೂ ಹಿಂದೆ ಹಾಕಬೇಕೆಂದರೆ ಇಬ್ಬರೂ ಹೊರಕ್ಕೆ ಸರಿಯಬೇಕು. ಒಂದು ಮೀಟರ್ ಹೊರಗೆ ಓಡಿದರೂ ಸುತ್ತಿಗೆ 6 ಮೀಟರಿಗೂ ಮಿಕ್ಕಿ ದೂರ ಹೆಚ್ಚುತ್ತದೆ. ಕೈ ಬೀಸುವುದು, ಹೆಜ್ಜೆ ಇಡುವುದು ಎರಡೂ ಒಂದೇ ಲಯಕ್ಕೆ ಬರಬೇಕು. ವರ್ಷಗಟ್ಟಲೆ ಒಟ್ಟಿಗೆ ಓಡದೆ ಅದು ಬರುವುದಿಲ್ಲ.

ಅಂಥ ಜೊತೆ ನಮ್ಮ ಕಡೆಯ ಹುಡುಗಿಯರಿಗಿಲ್ಲ. ಬೀದರ್ ಜಿಲ್ಲೆಯ ನಮ್ಮ ಕಮಲನಗರದ ಕಡೆ ಶಾಲಾ ಕ್ರೀಡಾಕೂಟ ನಡೆಯುವುದೇ ಮಳೆಗಾಲದಲ್ಲಿ. ಹಿಂದಿನ ದಿನ ಹಾಕಿದ ಸುಣ್ಣದ ಗೆರೆ ಬೆಳಿಗ್ಗೆ ತೊಳೆದುಹೋಗಿರುತ್ತದೆ. ಎರೆಮಣ್ಣು ಅಂಗಾಲಿಗೆ ಮೆತ್ತಿ ಕಾಲು ಕೀಳಲೂ ಭಾರ. ಅಂಥದ್ದರಲ್ಲಿ ಬರಿಗಾಲಲ್ಲೇ ಗೆದ್ದ ಹುಡುಗಿ ಭಾಲ್ಕಿ ದಾಟಿ ಬೀದರಿನ ನೆಹರೂ ಕ್ರೀಡಾಂಗಣಕ್ಕೆ ಹೋಗುತ್ತಾಳೆ, ಮೊದಲ ಸುತ್ತಿನಲ್ಲೇ ಉಸಿರೆಲ್ಲ ಖರ್ಚು ಮಾಡಿ ಸೋತು ಬರುತ್ತಾಳೆ. ಅವಳಲ್ಲಿ ಶಕ್ತಿಗೆ ಕೊರತೆಯಿಲ್ಲ. ವೇಗ ಹಂಚಿಕೊಳ್ಳುವುದನ್ನು ಯಾರೂ ಕಲಿಸಿಲ್ಲ. ಮುಂದಿನ ವರ್ಷದ ಕೂಟದವರೆಗೆ ಅವಳನ್ನು ಓಡಿಸುವವರೂ ಇಲ್ಲ. ಇದು ನನಗೆ ಸಹಿಸಲಾಗದ ಸಂಗತಿ.

ಪಿ.ಟಿ. ಸರ್ ಒಬ್ಬರ ಮೇಲೇ ಎಲ್ಲವನ್ನೂ ಹೊರಿಸಬೇಕಿಲ್ಲ. ಹಿಂದೆ ಓಡಿದ ಅಕ್ಕಂದಿರು, ಪೊಲೀಸ್ ಭರ್ತಿಗೆಂದು ನಸುಕಿನಲ್ಲಿ ಓಡುವ ಅಣ್ಣಂದಿರು ಊರೂರಲ್ಲಿ ಇದ್ದಾರೆ. ದಸರೆ ಮುಗಿದ ಮೇಲೆ ವಾರಕ್ಕೆ ಮೂರು ಬೆಳಗು ಅವರು ಅವಳ ಪಕ್ಕದಲ್ಲಿ ಓಡಲಿ. ಮಾತಾಡುತ್ತ ಓಡುವಷ್ಟು ನಿಧಾನ ಸಾಕು. ಸ್ಟಾಪ್‌ವಾಚ್ ಸಂಕ್ರಾಂತಿಯ ನಂತರ ಹೊರತೆಗೆದರಾಯಿತು.