ಮೆಲ್ಬರ್ನ್‌ನ ಐದನೇ ಸ್ಥಾನ

ಫಾರ್ಮುಲಾ ಒನ್‌ನ ಹೊಸ ಋತುವಿಗೆ ಮುಂಚಿನ ಪರೀಕ್ಷಾ ಓಟಗಳ ಸಮಯಪಟ್ಟಿ ನೋಡಿಯೇ ಚಾಂಪಿಯನ್ ಯಾರೆಂದು ಹೇಳಿಬಿಡುವವರ ಬಗ್ಗೆ ಈ ವಾರ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಅವರ ಜೊತೆ ನನ್ನ ತಕರಾರು ಹಳೆಯದು. ಟ್ಯಾಂಕಿನಲ್ಲಿ ಹತ್ತು ಕೆಜಿ ಇಂಧನ ಕಡಿಮೆಯಿದ್ದರೆ ಸುತ್ತಿಗೆ ಸುಮಾರು 0.3 ಸೆಕೆಂಡು ಉಳಿಯುತ್ತದೆ. ಯಾರ ಕಾರಿನಲ್ಲಿ ಎಷ್ಟಿತ್ತು ಎಂದು ಯಾವ ತಂಡವೂ ಬಾಯಿ ಬಿಡುವುದಿಲ್ಲ. ಆ ಪಟ್ಟಿ ಹಿಡಿದು ಭವಿಷ್ಯ ನುಡಿಯುವುದು ಜಾತಕ ನೋಡದೆ ಲಗ್ನ ಕಟ್ಟಿದಂತೆ.

ಪಟ್ಟಿಯನ್ನು ಪೂರ್ತಿ ತಳ್ಳಿಹಾಕಿದವರೂ ಎಡವಿದ್ದುಂಟು. ಹೋಂಡಾ ಕೈಬಿಟ್ಟ ತಂಡವನ್ನು ರಾಸ್ ಬ್ರಾನ್ ಉಳಿಸಿಕೊಂಡು 2009ರಲ್ಲಿ ಬಾರ್ಸಿಲೋನಾದ ಪರೀಕ್ಷಾ ಓಟಕ್ಕೆ ತಂದಾಗ, ಅದರ ವೇಗ ಪ್ರಾಯೋಜಕರನ್ನು ಸೆಳೆಯುವ ತಂತ್ರವಷ್ಟೇ ಎಂದವರಿದ್ದರು. ಮೆಲ್ಬರ್ನ್‌ನ ಮೊದಲ ರೇಸ್‌ನಲ್ಲೇ ಅದರ ಚಾಲಕರಾದ ಬಟನ್ ಮತ್ತು ಬ್ಯಾರಿಕೆಲೊ ಮೊದಲೆರಡು ಸ್ಥಾನ ಪಡೆದರು. ವರ್ಷದ ಕೊನೆಗೆ ಚಾಲಕರ ಕಿರೀಟ, ತಂಡದ ಕಿರೀಟ ಎರಡೂ ಅವರಲ್ಲಿಗೇ ಹೋದವು.

ಮೆಲ್ಬರ್ನ್ ಎಂದು ಬರೆದದ್ದೇ ತಡ, ಮನಸ್ಸು 2002ರ ಮಾರ್ಚ್ 3ರಂದು ಅಲ್ಲಿ ನಡೆದ ರೇಸ್‌ಗೆ ಓಡಿತು. ಪಟ್ಟಿಯ ವಿಚಾರ ಇಲ್ಲಿಗೇ ಸಾಕು.

ನಮ್ಮಲ್ಲಿ ಭಾನುವಾರದ ಬೆಳಗಿನ ಎಂಟೂವರೆ. ಪೋಲ್‌ನಲ್ಲಿದ್ದ, ಆಗ ಫೆರಾರಿಯ ಚಾಲಕರಾಗಿದ್ದ ಬ್ಯಾರಿಕೆಲೊ ಮೊದಲ ತಿರುವಿಗೆ ಬ್ರೇಕ್ ಹಾಕಿದರು. ಹಿಂದಿದ್ದ ರಾಲ್ಫ್ ಶುಮಾಕರ್ ಅವರ ವಿಲಿಯಮ್ಸ್ ಫೆರಾರಿಯ ಬೆನ್ನೇರಿ ಗಾಳಿಯಲ್ಲಿ ಹಾರಿತು. ಹಿಂದೆ ಬಂದವರೂ ಒಬ್ಬರಿಗೊಬ್ಬರು ಗುದ್ದಿಕೊಂಡರು. ಒಂದೇ ತಿರುವಿನಲ್ಲಿ ಎಂಟು ಕಾರುಗಳ ಕಥೆ ಮುಗಿಯಿತು. ರೇಸ್ ನಿಲ್ಲಿಸಲಿಲ್ಲ, ಸೇಫ್ಟಿ ಕಾರ್ ಬಂತು.

ಆ ಚೂರುಗಳ ನಡುವೆ ದಾರಿ ಮಾಡಿಕೊಂಡು ಬಂದದ್ದು ಕಪ್ಪು ಬಣ್ಣದ ಮಿನಾರ್ಡಿ. ಇಟಲಿಯ ಫಾಯೆಂಜಾ ಎಂಬ ಊರಿನ ಬಡ ತಂಡ ಅದು. 1999ರ ನಂತರ ಒಂದು ಅಂಕವನ್ನೂ ಕಂಡಿರಲಿಲ್ಲ. ಮಾಲೀಕ ಪಾಲ್ ಸ್ಟಾಡರ್ಟ್ ಆಸ್ಟ್ರೇಲಿಯಾದವರು. ಚಾಲಕ ಮಾರ್ಕ್ ವೆಬ್ಬರ್ ಕೂಡ ಅಲ್ಲಿಯವರೇ, ಅವರಿಗೆ ಅದು ಮೊಟ್ಟಮೊದಲ ಫಾರ್ಮುಲಾ ಒನ್ ರೇಸ್. ಗ್ರಿಡ್‌ನಲ್ಲಿ 18ನೇ ಸ್ಥಾನ. ಒಂದೊಂದೇ ಕಾರು ಕೆಟ್ಟು ನಿಂತಂತೆ ಅವರು ಮೇಲೇರುತ್ತ ಐದಕ್ಕೆ ಬಂದರು.

ಕೊನೆಯ ಸುತ್ತುಗಳಲ್ಲಿ ಬೆನ್ನಟ್ಟಿದವರು ಟೊಯೊಟಾದ ಮಿಕಾ ಸಲೊ. ಲೋಕದ ದೈತ್ಯ ಕಂಪನಿಗಳಲ್ಲಿ ಒಂದಾದ ಟೊಯೊಟಾಗೂ ಅದು ಮೊದಲ ಫಾರ್ಮುಲಾ ಒನ್ ರೇಸ್. ಸಲೊ ಹತ್ತಿರ ಹತ್ತಿರ ಬಂದರು, ಇನ್ನೇನು ದಾಟಿಯೇಬಿಟ್ಟರು ಅನ್ನುವಾಗ ಅವರ ಕಾರು ಗಿರ್ರನೆ ತಿರುಗಿಬಿಟ್ಟಿತು. ಟಿವಿ ಮುಂದೆ ಕೂತವನು ಎದ್ದು ನಿಂತಿದ್ದೆ. ವೆಬ್ಬರ್ ಐದನೆಯವರಾಗಿ ಗುರಿ ಮುಟ್ಟಿದರು. ಗೆದ್ದವರ ಸಮಾರಂಭ ಮುಗಿದ ಮೇಲೆ ಅವರೂ ಸ್ಟಾಡರ್ಟರೂ ಅದೇ ಪೋಡಿಯಂ ಹತ್ತಿ ಊರಿನ ಜನಕ್ಕೆ ಕೈ ಬೀಸಿದರು. ಗೆದ್ದಿದ್ದು ಮೈಕೆಲ್ ಶುಮಾಕರ್, ಅದೂ ಹಿಂದಿನ ವರ್ಷದ ಕಾರಿನಲ್ಲಿ.

22 ಚಾಲಕರಲ್ಲಿ ಕೊನೆಯವರೆಗೂ ಓಡಿದವರು ಎಂಟೇ ಮಂದಿ. ಅಷ್ಟು ಕಾರು ಹೋದರೆ ಯಾರು ಬೇಕಾದರೂ ಐದನೆಯವರಾಗಬಹುದು ಎಂದು ವಾದಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಾರನ್ನು ಉಳಿಸಿಕೊಂಡು 58 ಸುತ್ತಿನ ರೇಸ್ ಮುಗಿಸುವುದರಲ್ಲೇ ಅರ್ಧಕ್ಕಿಂತ ಹೆಚ್ಚು ಜನ ಸೋತಿದ್ದರು. ಯಾವ ಯಂತ್ರ ತಾಳುತ್ತದೆಂದು ಯಾರಿಗೂ ಗೊತ್ತಿಲ್ಲದ ಮೊದಲ ದಿನ ಬಡ ತಂಡಕ್ಕೆ ಸಿಗುವ ಬಾಗಿಲು ಅದು. ತೆರೆದಾಗ ಒಳಗೆ ಹೋಗುವುದಕ್ಕೂ ಕೈಚಳಕ ಬೇಕು. ಈಗಿನ ಕಾರುಗಳು ಆಗಿನಷ್ಟು ಕೆಡುವುದಿಲ್ಲ, ಆ ಬಾಗಿಲೂ ಅಷ್ಟು ಸಲೀಸಾಗಿ ತೆರೆಯುವುದಿಲ್ಲ. ನನಗೆ ಅದು ನಷ್ಟವೆಂದೇ ಅನಿಸುತ್ತದೆ.

ಆಗ ಅಂಕ ಸಿಗುತ್ತಿದ್ದುದು ಮೊದಲ ಆರು ಮಂದಿಗೆ ಮಾತ್ರ. ಐದನೇ ಸ್ಥಾನಕ್ಕೆ ಎರಡು ಅಂಕ. ಆ ವರ್ಷ ಮಿನಾರ್ಡಿಗೆ ಮತ್ತೆ ಒಂದು ಅಂಕವೂ ಬರಲಿಲ್ಲ. ಟೊಯೊಟಾದ ಗಳಿಕೆಯೂ ಎರಡೇ ಅಂಕ, ಆದರೆ ಅವು ಎರಡು ಆರನೇ ಸ್ಥಾನಗಳಿಂದ ಬಂದವು. ವರ್ಷಾಂತ್ಯದ ತಂಡಗಳ ಪಟ್ಟಿಯಲ್ಲಿ ಮಿನಾರ್ಡಿ ಒಂಬತ್ತನೆಯದು, ಟೊಯೊಟಾ ಹತ್ತನೆಯದು.